ಮನೆಯಲ್ಲಿ ಗನ್ ಇದ್ದರೆ ಮನೆಯವರು ಸೇಫಾ?

ಪ್ರಶ್ನೆ: ಹೋದ ತಿಂಗಳು ನಮ್ಮ ಪಕ್ಕದ ಮನೆಗೆ ರಾತ್ರಿ ಕಳ್ಳರು ನುಗ್ಗಿದರು. ಯಾರಿಗೂ ಏನೂ ಆಗಲಿಲ್ಲ, ಆದರೆ ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಲೈಸೆನ್ಸ್ ಮಾಡಿಸಿ ಒಂದು ಪಿಸ್ತೂಲು ತಗೊಳ್ಳೋಣ ಅಂತಿದ್ದೇನೆ. ಹೆಂಡತಿ ಬೇಡವೇ ಬೇಡ ಅನ್ನುತ್ತಾಳೆ. ಗನ್ ಇರುವ ಮನೆ ಹತ್ತಿರ ಯಾರೂ ಸುಳಿಯಲ್ಲ ಅಂತ ಗೆಳೆಯ ಹೇಳುತ್ತಾನೆ. ಮನೆಯಲ್ಲಿ ನಾವಿಬ್ಬರು, ಹದಿನೈದು ವರ್ಷದ ಮಗ, ನಮ್ಮ ತಂದೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಸ್ವಲ್ಪ ಮಂಕಾಗಿದ್ದಾರೆ, ಅವರನ್ನೂ ನಾನೇ ನೋಡಿಕೊಳ್ಳಬೇಕು. ಗನ್ ಇಟ್ಟುಕೊಂಡರೆ ನಿಜವಾಗಲೂ ನಾವು ಸೇಫಾ?

ಉತ್ತರ: ಸುತ್ತಿ ಬಳಸಿ ಹೇಳಲ್ಲ. ನೀವು ಬರೆದಿರುವ ಮನೆಗೆ ಗನ್ ಬೇಡ. ಅದು ಬಂದರೆ ಅಪಾಯ ಕಡಿಮೆಯಾಗಲ್ಲ, ಜಾಸ್ತಿಯಾಗುತ್ತದೆ. ನಿಮ್ಮ ಹೆದರಿಕೆಯನ್ನು ನಾನು ಸಣ್ಣದು ಅಂದುಕೊಂಡಿಲ್ಲ. ಪಕ್ಕದ ಮನೆಗೇ ಕಳ್ಳರು ನುಗ್ಗಿದ ಮೇಲೆ ಸಣ್ಣ ಸದ್ದಿಗೂ ಎದ್ದು ಕೂರುವುದು ಯಾರಿಗಾದರೂ ಆಗುವಂಥದ್ದೇ. ಆದರೆ ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತಿದ್ದು ಕಳ್ಳರ ಮೇಲಲ್ಲ, ನಿಮ್ಮ ತಂದೆಯವರ ಬಗ್ಗೆ ನೀವು ಬರೆದ ಒಂದು ಸಾಲಿನ ಮೇಲೆ. ಅದಕ್ಕೆ ಬರುತ್ತೇನೆ.

ಮೊದಲೇ ಒಂದು ಮಾತು. ನಾನು ಕೊಡುವ ಅಂಕಿಗಳಲ್ಲಿ ಬಹುಪಾಲು ಅಮೆರಿಕದವು. ಅಲ್ಲಿ ಜನರ ಹತ್ತಿರ ಗನ್ ಜಾಸ್ತಿ, ಹಾಗಾಗಿ ಅಧ್ಯಯನವೂ ಅಲ್ಲೇ ಜಾಸ್ತಿ ಆಗಿದೆ. ಬೇರೆ ಕಡೆ ಈ ಸಂಖ್ಯೆಗಳು ಹೀಗೇ ಇರುತ್ತವೆ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಸಂಖ್ಯೆಗಳ ಹಿಂದೆ ಇರುವುದು ಸಿಟ್ಟು, ದುಃಖ, ಮಕ್ಕಳ ಕುತೂಹಲ. ಅವು ಇಲ್ಲದ ಮನೆ ಯಾವ ದೇಶದಲ್ಲಿದೆ ಹೇಳಿ?

ನಿಮ್ಮನ್ನು ಹೆದರಿಸಿದ ಕಳ್ಳನಿಂದಲೇ ಶುರು ಮಾಡೋಣ. ಅಮೆರಿಕದ ನ್ಯಾಯ ಇಲಾಖೆ 2003ರಿಂದ 2007ರವರೆಗಿನ ಮನೆಗಳ್ಳತನಗಳ ಲೆಕ್ಕ ತೆಗೆದಿತ್ತು. ವರ್ಷಕ್ಕೆ ಸುಮಾರು 37 ಲಕ್ಷ ಕಳ್ಳತನ. ಅವುಗಳಲ್ಲಿ ಮನೆಯವರು ಒಳಗಿದ್ದಾಗ ಆದದ್ದು ಶೇ. 28 ಮಾತ್ರ. ಮನೆಯವರ ಮೇಲೆ ಹಲ್ಲೆ ಅಥವಾ ಬೇರೆ ಹಿಂಸೆ ಆಗಿದ್ದು ಒಟ್ಟು ಕಳ್ಳತನಗಳಲ್ಲಿ ಶೇ. 7ರಷ್ಟರಲ್ಲಿ. ಆ ಶೇ. 7ನ್ನು ಬಿಡಿಸಿ ನೋಡಿದರೆ ಮೂರರಲ್ಲಿ ಎರಡರಷ್ಟು ಕಡೆ ಹಲ್ಲೆ ಮಾಡಿದವರು ಮನೆಯವರಿಗೆ ಮೊದಲೇ ಗೊತ್ತಿದ್ದವರು. ಕತ್ತಲಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬರುವ ಅಪರಿಚಿತ ಇಲ್ಲವೇ ಇಲ್ಲ ಅಂತಲ್ಲ. ಇದ್ದಾನೆ, ಆದರೆ ನಿಮ್ಮ ಕಲ್ಪನೆಯಲ್ಲಿ ಅವನು ಬರುವಷ್ಟು ಸಲ ನಿಜದಲ್ಲಿ ಬರಲ್ಲ.

ಸರಿ, ಬಂದ ಅಂತಲೇ ಇಟ್ಟುಕೊಳ್ಳೋಣ. ರಾತ್ರಿ ಎರಡೂವರೆ. ಗಾಢ ನಿದ್ದೆಯಲ್ಲಿದ್ದೀರಿ, ಏನೋ ಬಿದ್ದ ಸದ್ದು. ಎದೆ ಹೊಡೆದುಕೊಳ್ಳುತ್ತಿದೆ, ಅಂಗೈ ಬೆವೆತಿದೆ, ಬಾಯಿ ಒಣಗಿದೆ. ಕನ್ನಡಕ ಎಲ್ಲಿಟ್ಟಿರೋ ಗೊತ್ತಾಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಬೆರಳು ಹೇಳಿದ ಮಾತು ಕೇಳಲ್ಲ. ನೋಟ ಎದುರಿಗಿನ ಒಂದೇ ಬಿಂದುವಿಗೆ ಅಂಟಿಕೊಂಡುಬಿಡುತ್ತದೆ, ಅಕ್ಕಪಕ್ಕದ್ದು ಕಾಣಲ್ಲ, ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲ್ಲ. ಅಡುಗೆಮನೆ ಕಡೆಯಿಂದ ಒಂದು ಆಕೃತಿ ನಿಮ್ಮತ್ತ ಬರುತ್ತಿದೆ. ಕಳ್ಳನಾ? ನೀರು ಕುಡಿಯೋಕೆ ಎದ್ದ ಮಗನಾ? ನಿದ್ದೆ ಬಾರದೆ ಓಡಾಡುತ್ತಿರುವ ಅಪ್ಪನಾ? ಇದನ್ನು ತೀರ್ಮಾನ ಮಾಡಲು ನಿಮಗಿರುವುದು ಒಂದೋ ಎರಡೋ ಸೆಕೆಂಡು. ನ್ಯೂಯಾರ್ಕ್ ಪೊಲೀಸರು ಇದಕ್ಕೆಂದೇ ತರಬೇತಿ ಪಡೆದವರು, ವರ್ಷ ವರ್ಷ ಗುರಿ ಅಭ್ಯಾಸ ಮಾಡುವವರು. 1998ರಿಂದ 2006ರವರೆಗೆ ಎದುರಾಳಿಯೂ ಗುಂಡು ಹಾರಿಸುತ್ತಿದ್ದ ಘಟನೆಗಳಲ್ಲಿ ಅವರು ಹಾರಿಸಿದ ಗುಂಡುಗಳಲ್ಲಿ ಗುರಿ ಮುಟ್ಟಿದ್ದು ಶೇ. 18. ಎದುರಾಳಿ ಗುಂಡು ಹಾರಿಸದೇ ಇದ್ದಾಗಲೂ ಶೇ. 30 ಅಷ್ಟೇ. ಮಿಕ್ಕ ಗುಂಡು ಎಲ್ಲಿಗೋ ಹೋಗಿ ಬಿದ್ದವು. ಮನೆಯೊಳಗೆ ಆ ‘ಎಲ್ಲಿಗೋ’ ಅಂದರೆ ಪಕ್ಕದ ಕೋಣೆ, ಅಲ್ವಾ?

ಹಾಗಾದರೆ ಗನ್‌ನಿಂದ ಯಾರೂ ಯಾವತ್ತೂ ಬಚಾವಾಗಿಲ್ಲವಾ? ಆಗಿದ್ದಾರೆ. ಗನ್ ತೋರಿಸಿದ್ದಕ್ಕೇ ಕಳ್ಳ ಓಡಿಹೋದ ಘಟನೆಗಳು ನಿಜವಾಗಿಯೂ ಇವೆ, ಅದನ್ನು ಅಲ್ಲಗಳೆಯುವವರ ಜೊತೆ ನಾನಿಲ್ಲ. ಎಷ್ಟು ಸಲ ಹೀಗಾಗುತ್ತದೆ ಅನ್ನುವುದರ ಮೇಲೆ ಮಾತ್ರ ದೊಡ್ಡ ಜಗಳವೇ ಇದೆ. 1995ರಲ್ಲಿ ಗ್ಯಾರಿ ಕ್ಲೆಕ್ ಮತ್ತು ಮಾರ್ಕ್ ಗೆರ್ಟ್ಜ್ ಫೋನ್ ಸಮೀಕ್ಷೆ ಮಾಡಿ, ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 25 ಲಕ್ಷ ಸಲ ಜನ ಗನ್‌ನಿಂದ ತಮ್ಮನ್ನು ಕಾಪಾಡಿಕೊಳ್ಳುತ್ತಾರೆ ಅಂದರು. ನಿಮ್ಮ ಗೆಳೆಯನಂಥವರು ಹೇಳುವುದು ಸಾಮಾನ್ಯವಾಗಿ ಈ ಲೆಕ್ಕವನ್ನೇ. ಸರ್ಕಾರ ಅಪರಾಧಕ್ಕೆ ಒಳಗಾದವರನ್ನು ಕೇಳಿ ನಡೆಸುವ ದೊಡ್ಡ ಸಮೀಕ್ಷೆಯಲ್ಲಿ ಆ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿಯುತ್ತದೆ. ಕೆಲವೇ ಸಾವಿರ ಜನರನ್ನು ಕೇಳಿ ಅದನ್ನು ಇಡೀ ದೇಶಕ್ಕೆ ಗುಣಿಸಿದಾಗ, ನೂರರಲ್ಲಿ ಒಬ್ಬರು ಉಬ್ಬಿಸಿ ಹೇಳಿದರೂ ಲೆಕ್ಕ ಲಕ್ಷಗಟ್ಟಲೆ ಏರಿಬಿಡುತ್ತದೆ. ಹಾಗಾಗಿ ನನಗೆ ಸರ್ಕಾರಿ ಸಮೀಕ್ಷೆಯೇ ಹೆಚ್ಚು ನಂಬಿಕೆಗೆ ಯೋಗ್ಯ ಅನ್ನಿಸುತ್ತದೆ.

ಅದೇ ಸಮೀಕ್ಷೆಯ 2007ರಿಂದ 2011ರವರೆಗಿನ 14 ಸಾವಿರಕ್ಕೂ ಹೆಚ್ಚು ಘಟನೆಗಳನ್ನು ಡೇವಿಡ್ ಹೆಮೆನ್‌ವೇ ಮತ್ತು ಸಾರಾ ಸಾಲ್ನಿಕ್ ಒಂದೊಂದಾಗಿ ನೋಡಿದರು. ಅಪರಾಧಿ ಮತ್ತು ಅಪರಾಧಕ್ಕೆ ಒಳಗಾದವರು ಮುಖಾಮುಖಿಯಾದ ಘಟನೆಗಳು ಇವು. ಗನ್ ಬಳಸಿ ತಡೆದದ್ದು ಶೇ. 1ಕ್ಕಿಂತ ಕಡಿಮೆ. ಹಾಗೆ ತಡೆದ ಮೇಲೂ ಗಾಯಗೊಂಡವರು ಶೇ. 4ರಷ್ಟು. ಕೂಗಿಕೊಂಡವರು, ಓಡಿದವರು, ಬಾಗಿಲು ಹಾಕಿಕೊಂಡವರು, ಪೊಲೀಸರಿಗೆ ಫೋನ್ ಮಾಡಿದವರು, ಹೀಗೆ ಏನೋ ಒಂದು ಮಾಡಿದವರಲ್ಲೂ ಆಮೇಲೆ ಗಾಯಗೊಂಡವರು ಹೆಚ್ಚುಕಡಿಮೆ ಅಷ್ಟೇ. ಅಂದರೆ ಮೈಗೆ ಪೆಟ್ಟಾಗದ ಹಾಗೆ ತಪ್ಪಿಸಿಕೊಳ್ಳೋಕೆ ಗನ್ ಬೇರೆ ದಾರಿಗಳಿಗಿಂತ ಮೇಲು ಅಂತ ಈ ಲೆಕ್ಕದಲ್ಲಿ ಕಾಣಲಿಲ್ಲ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಕಳ್ಳ ನಿಮ್ಮ ಮನೆಗೆ ಒಂದು ರಾತ್ರಿ ಬರಬಹುದು, ಬಾರದೆಯೂ ಇರಬಹುದು. ಗನ್ ಮಾತ್ರ ವರ್ಷದ ಅಷ್ಟೂ ದಿನ ಮನೆಯಲ್ಲೇ ಇರುತ್ತದೆ. ಜಗಳ ಆದ ದಿನ, ಮಗ ಪರೀಕ್ಷೆಯಲ್ಲಿ ಫೇಲಾದ ದಿನ, ನೀವು ಊರಲ್ಲಿಲ್ಲದ ದಿನ, ಅಪ್ಪನಿಗೆ ಅಮ್ಮನ ನೆನಪು ತಡೆಯಲಾರದಷ್ಟು ಬಂದ ದಿನ. ಜನ ಲೆಕ್ಕ ಹಾಕುವಾಗ ಕಳ್ಳನ ಒಂದು ರಾತ್ರಿಯನ್ನು ಹಾಕಿಕೊಳ್ಳುತ್ತಾರೆ, ಈ ಸಾವಿರಾರು ದಿನಗಳನ್ನು ಬಿಟ್ಟುಬಿಡುತ್ತಾರೆ.

ಆ ದಿನಗಳಲ್ಲಿ ಏನಾಗುತ್ತದೆ ಅನ್ನುವುದನ್ನು ತುಂಬಾ ದೊಡ್ಡ ಪ್ರಮಾಣದಲ್ಲಿ ನೋಡಿದ್ದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಪಿಸ್ತೂಲು, ರಿವಾಲ್ವರ್ ಕೊಂಡವರ ದಾಖಲೆ ಸರ್ಕಾರದ ಹತ್ತಿರ ಇರುತ್ತದೆ. ಡೇವಿಡ್ ಸ್ಟಡರ್ಟ್ ಮತ್ತು ಜೊತೆಗಾರರು 2004ರಿಂದ 2016ರವರೆಗಿನ ಆ ದಾಖಲೆಯನ್ನು ಮರಣದ ದಾಖಲೆ ಜೊತೆ ತಾಳೆ ನೋಡಿದರು. 2020ರಲ್ಲಿ ಬಂದ ಮೊದಲ ಭಾಗದಲ್ಲಿ 2.6 ಕೋಟಿಗೂ ಹೆಚ್ಚು ವಯಸ್ಕರ ಲೆಕ್ಕವಿತ್ತು. ಪಿಸ್ತೂಲು ಹೊಂದಿದ ಗಂಡಸರು ಆತ್ಮಹತ್ಯೆಯಿಂದ ಸಾಯುವ ಸಂಭವ ಇಲ್ಲದವರಿಗಿಂತ ಮೂರು ಪಟ್ಟಿಗೂ ಜಾಸ್ತಿ. ಹೆಂಗಸರಲ್ಲಿ ಏಳು ಪಟ್ಟು.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ, ಬರಬೇಕಾದ್ದೇ. ಸಾಯಬೇಕು ಅಂತ ಇದ್ದವರೇ ಗನ್ ಕೊಂಡಿರಬಹುದಲ್ಲ? ಗನ್ ಇಲ್ಲದಿದ್ದರೆ ಬೇರೆ ದಾರಿ ಹುಡುಕುತ್ತಿದ್ದರು ಅಲ್ವಾ? ಅದಕ್ಕೂ ಆ ದಾಖಲೆಯಲ್ಲೇ ಉತ್ತರದ ದೊಡ್ಡ ಭಾಗ ಇದೆ. ಗನ್ ಕೊಂಡವರು ಬೇರೆ ರೀತಿಯ ಆತ್ಮಹತ್ಯೆಯಿಂದ ಜಾಸ್ತಿ ಸತ್ತಿರಲಿಲ್ಲ. ಅವರ ಮನಸ್ಸೇ ಮೊದಲಿನಿಂದ ಹೆಚ್ಚು ನೊಂದಿದ್ದರೆ ಅದೂ ಏರಬೇಕಿತ್ತು. ಕೊಂಡ ಹೊಸದರಲ್ಲಿ ಅಪಾಯ ತೀರಾ ಹೆಚ್ಚು ಅನ್ನುವುದು ನಿಜ, ಆದರೆ ಗನ್ ಕೊಂಡವರಲ್ಲಿ ಆದ ಇಂಥ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಗಿದ್ದು ಕೊಂಡು ವರ್ಷ ದಾಟಿದ ಮೇಲೆ. ಅಂದರೆ ಯಾವುದೋ ಒಳ್ಳೆಯ ಕಾರಣಕ್ಕೆ ತಂದು ಇಟ್ಟಿದ್ದು, ಮುಂದೆ ಒಂದು ಕೆಟ್ಟ ದಿನ ಕೈಗೆ ಸಿಕ್ಕಿದ್ದು.

ಇಸ್ರೇಲ್ ಸೇನೆಯದ್ದು ನನಗೆ ಇದಕ್ಕಿಂತಲೂ ಗಟ್ಟಿ ಉದಾಹರಣೆ ಅನ್ನಿಸುತ್ತದೆ. ಅಲ್ಲಿ ಎಳೆಯ ಸೈನಿಕರು ವಾರದ ಕೊನೆಗೆ ರಜೆಯಲ್ಲಿ ಮನೆಗೆ ಹೋಗುವಾಗ ಬಂದೂಕನ್ನೂ ಒಯ್ಯುತ್ತಿದ್ದರು. 2006ರಲ್ಲಿ ಸೇನೆ, ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಿ ಅಂದಿತು. ಬೇರೇನೂ ದೊಡ್ಡದಾಗಿ ಬದಲಾಗಲಿಲ್ಲ. ಆ ವಯಸ್ಸಿನ ಸೈನಿಕರಲ್ಲಿ ಆತ್ಮಹತ್ಯೆ ಸುಮಾರು ಶೇ. 40ರಷ್ಟು ಇಳಿಯಿತು. ಇಳಿದದ್ದು ರಜೆಯ ದಿನಗಳಲ್ಲಿ, ಉಳಿದ ದಿನಗಳಲ್ಲಿ ಅಂಥ ಬದಲಾವಣೆ ಇರಲಿಲ್ಲ. ಆ ಹುಡುಗರ ಕಷ್ಟ ಒಂದೇ ವಾರದಲ್ಲಿ ಕರಗಿತ್ತಾ? ಇಲ್ಲ. ಕಷ್ಟ ಅಲ್ಲೇ ಇತ್ತು, ಗನ್ ದೂರ ಇತ್ತು. ಅಷ್ಟರೊಳಗೆ ಆ ಗಳಿಗೆ ದಾಟಿಹೋಯಿತು.

ಈ ಗಳಿಗೆ ಅನ್ನುವ ಮಾತನ್ನು ದಯವಿಟ್ಟು ಮನಸ್ಸಿಟ್ಟು ಓದಿ. ತುರ್ತು ಚಿಕಿತ್ಸೆಯಲ್ಲಿ ಕೆಲಸ ಮಾಡಿದ ಯಾರನ್ನು ಬೇಕಾದರೂ ಕೇಳಿ ನೋಡಿ. ರಾತ್ರಿ ಬದುಕೇ ಬೇಡ ಅಂತ ಬಂದವರು ಬೆಳಗ್ಗೆ ಕಣ್ಣು ಬಿಟ್ಟು ಮೊದಲು ಕೇಳುವುದು ಒಂದು ಲೋಟ ನೀರು, ಆಮೇಲೆ ಮಕ್ಕಳು ಊಟ ಮಾಡಿದರಾ ಅಂತ. ಸಾಯುವ ಯೋಚನೆ ಏರುತ್ತದೆ, ಇಳಿಯುತ್ತದೆ. ಎಷ್ಟೋ ಜನರಲ್ಲಿ ಅದರ ತುತ್ತತುದಿ ನಿಮಿಷಗಳ ಲೆಕ್ಕದ್ದು. ಒಮ್ಮೆ ಬದುಕುಳಿದವರಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಅವರಿಗೆ ಎರಡನೇ ಅವಕಾಶ ಸಿಕ್ಕಿರುತ್ತದೆ, ಅವರು ಅದನ್ನು ಬಳಸಿಕೊಳ್ಳುತ್ತಾರೆ. ಗನ್ ಆ ಅವಕಾಶವನ್ನೇ ಕೊಡುವುದಿಲ್ಲ, ಅದಕ್ಕೇ ನನಗೆ ಅದರ ಬಗ್ಗೆ ಇಷ್ಟು ಹೆದರಿಕೆ. ಅಮೆರಿಕದಲ್ಲಿ 2022ರಲ್ಲಿ ಗನ್‌ನಿಂದ 48,204 ಜನ ಸತ್ತರು. ಅವರಲ್ಲಿ 27,032 ಜನರದ್ದು ಆತ್ಮಹತ್ಯೆ. ಅರ್ಧಕ್ಕಿಂತ ಜಾಸ್ತಿ. ಗನ್ ಬಗ್ಗೆ ಮಾತಾಡುವಾಗ ಎಲ್ಲರೂ ಕೊಲೆಗಾರರ ಬಗ್ಗೆಯೇ ಮಾತಾಡುತ್ತಾರೆ, ಈ ಸಂಖ್ಯೆ ಯಾರ ಬಾಯಲ್ಲೂ ಬರಲ್ಲ.

ಈಗ ನಿಮ್ಮ ಸಾಲಿಗೆ ಬರೋಣ. ‘ಅಮ್ಮ ತೀರಿಕೊಂಡ ಮೇಲೆ ಅಪ್ಪ ಸ್ವಲ್ಪ ಮಂಕಾಗಿದ್ದಾರೆ.’ ವಯಸ್ಸಾದ ಗಂಡಸರು, ಅದರಲ್ಲೂ ಜೊತೆಗಾರ್ತಿಯನ್ನು ಕಳೆದುಕೊಂಡವರು, ತಮ್ಮ ಸಂಕಟವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಊಟ ಸೇರಲ್ಲ ಅನ್ನುತ್ತಾರೆ, ಬೆಳಗಿನ ಜಾವವೇ ಎಚ್ಚರ ಆಗುತ್ತದೆ ಅನ್ನುತ್ತಾರೆ, ನಾನಿದ್ದು ಏನು ಪ್ರಯೋಜನ ಅಂತ ಮಾತಿನ ಮಧ್ಯೆ ಒಂದು ಸಲ ಅಂದು ಸುಮ್ಮನಾಗುತ್ತಾರೆ. ಮನೆಯವರು ವಯಸ್ಸಾಯ್ತಲ್ಲ ಅಂದುಕೊಳ್ಳುತ್ತಾರೆ. ನಿಮ್ಮ ತಂದೆ ಏನೋ ಮಾಡಿಕೊಳ್ಳುತ್ತಾರೆ ಅಂತ ನಾನು ಹೇಳುತ್ತಿಲ್ಲ. ಅವರನ್ನು ನಾನು ನೋಡಿಲ್ಲ. ಆದರೆ ಇಂಥ ಹೊತ್ತಿನಲ್ಲಿ ಆ ಮನೆಗೆ ಗನ್ ತರುವುದು ನನಗೆ ತೀರಾ ತಪ್ಪು ಹೆಜ್ಜೆ ಅನ್ನಿಸುತ್ತದೆ. ಕಳ್ಳರ ಅಂಕಿಅಂಶ ಹೇಗೇ ಇದ್ದರೂ ಇದೊಂದೇ ಕಾರಣ ನನಗೆ ಸಾಕು.

ಮಗನ ವಿಷಯ. ‘ನಮ್ಮ ಹುಡುಗ ಬುದ್ಧಿವಂತ, ಮುಟ್ಟಲ್ಲ’ ಅಂತ ಹೇಳದ ತಂದೆತಾಯಿಯೇ ಇಲ್ಲ. 2001ರಲ್ಲಿ ಮಕ್ಕಳ ವೈದ್ಯರು ನಡೆಸಿದ ಒಂದು ಪ್ರಯೋಗ ಹೇಳುತ್ತೇನೆ. ಎಂಟರಿಂದ ಹನ್ನೆರಡು ವರ್ಷದ 64 ಹುಡುಗರು. ಇಬ್ಬರು ಮೂವರ ಗುಂಪು ಮಾಡಿ ಒಂದು ಕೋಣೆಯಲ್ಲಿ ಬಿಟ್ಟರು. ಕೋಣೆಯ ಡ್ರಾಯರ್‌ಗಳಲ್ಲಿ ಎರಡು ನೀರಿನ ಪಿಸ್ತೂಲು, ಇನ್ನೊಂದರಲ್ಲಿ ನಿಜವಾದ ಪಿಸ್ತೂಲು. ಗುಂಡು ಹಾರದ ಹಾಗೆ ಮಾಡಿದ್ದರು, ಆದರೆ ಟ್ರಿಗರನ್ನು ಗುಂಡು ಹಾರುವಷ್ಟು ಬಲವಾಗಿ ಎಳೆದರೆ ಒಂದು ದೀಪ ಹತ್ತಿಕೊಳ್ಳುತ್ತಿತ್ತು. ದೊಡ್ಡವರು ಒಂದು ಬದಿಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ನಿಂತು ನೋಡುತ್ತಿದ್ದರು. ಹದಿನೈದು ನಿಮಿಷದೊಳಗೆ 29 ಗುಂಪುಗಳಲ್ಲಿ 21ಕ್ಕೆ ನಿಜವಾದ ಪಿಸ್ತೂಲು ಸಿಕ್ಕಿತು. 16 ಗುಂಪುಗಳಲ್ಲಿ ಹುಡುಗರು ಅದನ್ನು ಕೈಗೆತ್ತಿಕೊಂಡರು. 10 ಗುಂಪುಗಳಲ್ಲಿ ದೀಪ ಹತ್ತಿತು. ಕೈಗೆತ್ತಿಕೊಂಡವರಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಹುಡುಗರಿಗೆ ಗನ್ ಮುಟ್ಟಬಾರದು, ಹುಷಾರು ಅಂತ ಯಾರೋ ದೊಡ್ಡವರು ಮೊದಲೇ ಹೇಳಿಕೊಟ್ಟಿದ್ದರು. ಸಿಕ್ಕಿದ್ದು ಆಟಿಕೆಯೋ ನಿಜವೋ ಅನ್ನುವುದೇ ಅರ್ಧದಷ್ಟು ಹುಡುಗರಿಗೆ ಗೊತ್ತಾಗಿರಲಿಲ್ಲ. ಆ ಗಾಜಿನ ಹಿಂದೆ ನಿಂತು ದೀಪ ಹತ್ತಿದ್ದನ್ನು ನೋಡಿದ ತಂದೆಯ ಜಾಗದಲ್ಲಿ ನಿಮ್ಮನ್ನು ಇಟ್ಟು ನೋಡಿ.

ಎಲ್ಲಿಟ್ಟಿದ್ದೀನಿ ಅಂತ ಅವನಿಗೆ ಗೊತ್ತಾಗಲ್ಲ ಅಂತೀರಾ? 2006ರ ಇನ್ನೊಂದು ಅಧ್ಯಯನದಲ್ಲಿ ಗನ್ ಇರುವ ಮನೆಯ ತಂದೆತಾಯಿಯನ್ನು, ಮಕ್ಕಳನ್ನು ಬೇರೆ ಬೇರೆ ಕೂರಿಸಿ ಕೇಳಿದರು. ‘ಮಗುವಿಗೆ ಜಾಗ ಗೊತ್ತಿಲ್ಲ’ ಅಂದ ತಂದೆತಾಯಿಗಳಲ್ಲಿ ಶೇ. 39ರಷ್ಟು ಜನರ ಮಕ್ಕಳು ಜಾಗ ಗೊತ್ತು ಅಂದರು. ‘ಮುಟ್ಟೇ ಇಲ್ಲ’ ಅಂದವರಲ್ಲಿ ಶೇ. 22ರಷ್ಟು ಜನರ ಮಕ್ಕಳು ಮುಟ್ಟಿದ್ದೇವೆ ಅಂದರು. ಬೀರುವಿನ ಮೇಲಿನ ಖಾನೆ, ಬಟ್ಟೆಯ ಅಡಿ, ಹಳೇ ಸೂಟ್‌ಕೇಸು, ನಿಮ್ಮ ಮನೆಯ ಮೂಲೆಮೂಲೆ ನಿಮಗಿಂತ ಚೆನ್ನಾಗಿ ಬಲ್ಲವನು ನಿಮ್ಮ ಮಗ. ಹದಿನೈದು ಅಂದರೆ ಸಿಟ್ಟು, ಅವಮಾನ, ಪ್ರೀತಿ ಎಲ್ಲವೂ ಒಟ್ಟಿಗೆ ಉಕ್ಕುವ ವಯಸ್ಸು ಬೇರೆ.

ನಿಮ್ಮ ಹೆಂಡತಿ ಬೇಡವೇ ಬೇಡ ಅಂದಿದ್ದಾರೆ. ಅವರ ಮಾತು ಕೇಳಿ. ಅದೇ ಕ್ಯಾಲಿಫೋರ್ನಿಯಾ ದಾಖಲೆಯ ಎರಡನೇ ಭಾಗ 2022ರಲ್ಲಿ ಬಂತು. ಇದು ಗನ್ ಕೊಂಡವರ ಬಗ್ಗೆ ಅಲ್ಲ, ಅವರ ಜೊತೆ ಅದೇ ಮನೆಯಲ್ಲಿದ್ದ, ತಾವು ಗನ್ ಹೊಂದಿರದ ವಯಸ್ಕರ ಬಗ್ಗೆ. 1.7 ಕೋಟಿಗೂ ಹೆಚ್ಚು ಜನರ ಲೆಕ್ಕ. ಪಿಸ್ತೂಲು ಇರುವವರ ಜೊತೆ ಬದುಕುವವರು ಕೊಲೆಯಾಗುವ ಸಂಭವ ಎರಡು ಪಟ್ಟಿಗೂ ಜಾಸ್ತಿ ಇತ್ತು. ಮನೆಯಲ್ಲೇ ಗಂಡ ಅಥವಾ ಸಂಗಾತಿಯ ಕೈಯಿಂದ ಸಾಯುವ ಸಂಭವ ಏಳು ಪಟ್ಟು. ಹಾಗೆ ಸತ್ತವರಲ್ಲಿ ಶೇ. 84 ಹೆಂಗಸರು. ಹೊರಗಿನವರ ಕೈಯಿಂದ ಸಾಯುವುದಾದರೂ ಕಡಿಮೆಯಾಗಿತ್ತಾ ಅಂತ ನೋಡಿದರೆ ಅದಕ್ಕೂ ಪುರಾವೆ ಸಿಗಲಿಲ್ಲ. ನೀವು ಅಂಥವರಲ್ಲ ಅಂತ ನಂಬುತ್ತೇನೆ. ಆದರೆ ಗನ್ ತರುವ ತೀರ್ಮಾನ ಒಬ್ಬರದ್ದು, ಅದರ ಅಪಾಯ ಹೊರುವವರು ಮನೆಮಂದಿಯೆಲ್ಲ. ನಿಮ್ಮ ಹೆಂಡತಿ ಯಾವ ಅಧ್ಯಯನವನ್ನೂ ಓದದೆ ಇದನ್ನು ಸರಿಯಾಗಿಯೇ ಗ್ರಹಿಸಿದ್ದಾರೆ.

ಈ ಅಧ್ಯಯನಗಳೆಲ್ಲ ಪಕ್ಕಾ ಅಂತ ನಾನು ಹೇಳಲ್ಲ. 1993ರಲ್ಲಿ ಆರ್ಥರ್ ಕೆಲರ್‌ಮನ್ ತಂಡ, ಗನ್ ಇರುವ ಮನೆಯಲ್ಲಿ ಕೊಲೆಯ ಸಂಭವ 2.7 ಪಟ್ಟು ಅಂದಾಗ ದೊಡ್ಡ ಗಲಾಟೆಯೇ ಆಯಿತು. ಅಪಾಯದಲ್ಲಿ ಇದ್ದವರೇ ಗನ್ ಇಟ್ಟುಕೊಂಡಿರಬಹುದು, ಹೊರಗಿನವನು ತಂದ ಗನ್‌ನಿಂದ ಸತ್ತದ್ದೂ ಲೆಕ್ಕಕ್ಕೆ ಸೇರಿದೆ ಅನ್ನುವ ಟೀಕೆಗಳಲ್ಲಿ ಹುರುಳಿತ್ತು. ಅದರ ಬೆನ್ನಿಗೇ 1996ರಲ್ಲಿ ಅಮೆರಿಕದ ಸಂಸತ್ತು ಗನ್ ಸಂಶೋಧನೆಗೆ ಕೊಕ್ಕೆ ಹಾಕಿತು, 20 ವರ್ಷಕ್ಕೂ ಮೇಲೆ ಸರ್ಕಾರದ ದುಡ್ಡು ಇದಕ್ಕೆ ಹೆಚ್ಚುಕಡಿಮೆ ನಿಂತೇಹೋಯಿತು. ಅಷ್ಟು ವರ್ಷ ಉತ್ತರ ಹುಡುಕುವ ಕೆಲಸವೇ ನಿಂತಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿದೆ. ಆದರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ವಿಧಾನದಲ್ಲಿ ನೋಡಿದವರೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಬೆರಳು ತೋರಿಸಿದ್ದಾರೆ. ಆತ್ಮಹತ್ಯೆಯ ವಿಷಯದಲ್ಲಂತೂ ಪುರಾವೆ ತುಂಬಾ ಗಟ್ಟಿಯಾಗಿದೆ.

ಲಾಕರ್‌ನಲ್ಲಿ ಭದ್ರವಾಗಿ ಇಟ್ಟರೆ? ಒಳ್ಳೆಯ ಪ್ರಶ್ನೆ. ಗುಂಡು ತೆಗೆದಿಡುವುದು, ಗನ್‌ಗೆ ಬೀಗ, ಗುಂಡು ಬೇರೆ ಕಡೆ, ಅದಕ್ಕೂ ಬೀಗ. ಈ ನಾಲ್ಕೂ ಮಕ್ಕಳನ್ನು ಕಾಪಾಡುತ್ತವೆ ಅಂತ 2005ರಲ್ಲೇ ತೋರಿಸಿದ್ದಾರೆ. ಈಗಾಗಲೇ ಗನ್ ಇರುವ ಮನೆಯವರಿಗೆ ನಾನು ಮೊದಲು ಹೇಳುವುದೂ ಇದನ್ನೇ, ಇವತ್ತೇ ಮಾಡಿ ಅಂತ. ಆದರೆ ನೀವು ತರುತ್ತಿರುವುದು ಮಧ್ಯರಾತ್ರಿ ಥಟ್ಟನೆ ಕೈಗೆ ಸಿಗಲಿ ಅಂತ. ಈ ನಾಲ್ಕನ್ನೂ ಮಾಡಿದರೆ ಕಳ್ಳ ಬಂದಾಗ ಅದು ಕೈಗೆ ಸಿಗಲ್ಲ. ತಲೆದಿಂಬಿನ ಕೆಳಗೆ ಗುಂಡು ತುಂಬಿ ಇಟ್ಟರೆ ನಿಮಗೆ ಸಿಗುವಷ್ಟೇ ಸುಲಭವಾಗಿ ಮಗನಿಗೂ ಸಿಗುತ್ತದೆ, ಅಪ್ಪನಿಗೂ ಸಿಗುತ್ತದೆ, ನೀವು ಹೊರಗೆ ಹೋದಾಗ ಕಳ್ಳನಿಗೂ ಸಿಗುತ್ತದೆ. ಈ ತೊಡಕು ಬಿಡಿಸಿದವರನ್ನು ನಾನು ಕಂಡಿಲ್ಲ. ಬೆರಳಚ್ಚಿಗೆ ತೆರೆಯುವ ಪೆಟ್ಟಿಗೆ ಸ್ವಲ್ಪ ಸಹಾಯ ಮಾಡಬಹುದು, ಆದರೆ ನಿಮ್ಮದೇ ಕೆಟ್ಟ ಗಳಿಗೆಯಿಂದ ಅದು ನಿಮ್ಮನ್ನು ಕಾಪಾಡಲ್ಲ.

ಎಲ್ಲರಿಗೂ ಇದೇ ಉತ್ತರವಾ ಅಂದರೆ, ಅಲ್ಲ. ಗೊತ್ತಿರುವ ಒಬ್ಬ ವ್ಯಕ್ತಿಯಿಂದ ನಿಜವಾದ ಬೆದರಿಕೆ ಇರುವವರು, ಪೊಲೀಸರು ತಲುಪಲು ಗಂಟೆಗಟ್ಟಲೆ ಬೇಕಾಗುವ ಜಾಗದಲ್ಲಿ ಒಂಟಿಯಾಗಿ ಇರುವವರು, ಇವರ ಲೆಕ್ಕ ಬೇರೆ ಬರಬಹುದು. ಮನೆಯಲ್ಲಿ ಮಕ್ಕಳಿಲ್ಲ, ಕುಡಿತವಿಲ್ಲ, ಮನಸ್ಸು ಕುಗ್ಗಿದವರಿಲ್ಲ, ಸರಿಯಾದ ತರಬೇತಿ ಇದೆ ಅಂದರೆ ಅಪಾಯ ಕಡಿಮೆ. ನಿಮ್ಮ ಮನೆ ಈ ಪಟ್ಟಿಗೆ ಸೇರಲ್ಲ.

ಹಾಗಾದರೆ ನಿದ್ದೆಗೆ ಏನು ಮಾಡುವುದು? ಪಕ್ಕದ ಮನೆಗೆ ಕಳ್ಳರು ಒಳಗೆ ಬಂದದ್ದು ಎಲ್ಲಿಂದ ಅಂತ ಹೋಗಿ ಕೇಳಿ. ನಿಮ್ಮ ಮನೆಯ ಅದೇ ಜಾಗವನ್ನು ಮೊದಲು ಭದ್ರಪಡಿಸಿ. ಬಾಗಿಲಿನ ಚೌಕಟ್ಟು, ಚಿಲಕ ಕೂತಿರುವ ಸ್ಕ್ರೂಗಳು, ಹಿಂದಿನ ಬಾಗಿಲು, ಸ್ನಾನದ ಮನೆಯ ಕಿಟಕಿ. ಆಳು ಹತ್ತಿರ ಬಂದರೆ ತಾನಾಗಿ ಹತ್ತುವ ದೀಪ ಹಾಕಿಸಿ. ಜೋರಾಗಿ ಕೂಗುವ ಅಲಾರಂ ಇರಲಿ. ಕಳ್ಳನಿಗೆ ಬೇಕಾಗಿರುವುದು ಕತ್ತಲೆ ಮತ್ತು ಸಮಯ, ಎರಡನ್ನೂ ಕೊಡಬೇಡಿ. ಒಳಗಿನಿಂದ ಗಟ್ಟಿಯಾಗಿ ಚಿಲಕ ಹಾಕಲು ಬರುವ ಒಂದು ಕೋಣೆ ಗೊತ್ತು ಮಾಡಿಕೊಳ್ಳಿ, ಅಲ್ಲಿ ಚಾರ್ಜ್ ಆಗಿರುವ ಒಂದು ಫೋನ್ ಇರಲಿ, ಸದ್ದಾದರೆ ಎಲ್ಲರೂ ಅಲ್ಲಿ ಸೇರುವುದು ಅಂತ ಒಮ್ಮೆ ಮನೆಯವರೆಲ್ಲ ಸೇರಿ ಮಾಡಿ ನೋಡಿ. ನಿಮ್ಮ ವಸ್ತು ಹೋದರೆ ಹೋಗಲಿ. ಇಷ್ಟಾಗಿಯೂ ನಿದ್ದೆ ಬರದಿದ್ದರೆ ಅದನ್ನು ವೈದ್ಯರ ಹತ್ತಿರ ಹೇಳಿಕೊಳ್ಳಿ, ಅದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. ಇವತ್ತು ಸಂಜೆ ಅಪ್ಪನ ಪಕ್ಕ ಹೋಗಿ ಕೂತುಕೊಳ್ಳಿ. ಟಿವಿ ಆರಿಸಿ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಅಮ್ಮ ಇಲ್ಲದ್ದು ಯಾವ ಹೊತ್ತಲ್ಲಿ ಜಾಸ್ತಿ ಕಾಡುತ್ತೆ ಅಂತ ಕೇಳಿ. ಬದುಕು ಸಾಕು ಅನ್ನಿಸುತ್ತಾ ಅಂತಲೂ ನೇರವಾಗಿ ಕೇಳಬಹುದು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳಲ್ಲ, ಎಷ್ಟೋ ಸಲ ಎದೆಯ ಭಾರ ಇಳಿಯುತ್ತದೆ. ಹೌದು ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ವೈದ್ಯರಿಗೆ ಅಥವಾ ಸಹಾಯವಾಣಿಗೆ ಫೋನ್ ಮಾಡಿ. ಇದನ್ನು ಓದುತ್ತಿರುವ ಬೇರೆ ಯಾರಿಗಾದರೂ ಹಾಗನ್ನಿಸುತ್ತಿದ್ದರೆ ನಿಮಗೂ ಇದೇ ಮಾತು, ಈಗಲೇ ಒಬ್ಬರಿಗೆ ಹೇಳಿ. ಅಪ್ಪ ಇಲ್ಲ ಅಂದರೂ ಈ ವಾರದಲ್ಲೇ ಅವರನ್ನು ಒಮ್ಮೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಲೈಸೆನ್ಸ್ ಅರ್ಜಿ ತುಂಬಿಟ್ಟಿದ್ದರೆ ಅದನ್ನು ಹಾಗೇ ಬಿಡಿ. ಅವರು ಏನಂದರು ಅಂತ ನನಗೊಂದು ಸಾಲು ಬರೆದು ತಿಳಿಸಿ.